ತಮ್ಮ ಕುಡಿತ ಬಿಡಲು ಸೇರಿದ್ದಾನೆ, ಅಲ್ಲಿ ಚಿತ್ರ ಬಿಡಿಸುತ್ತಾ ಕೂತಿದ್ದಾನೆ. ಇದು ಚಿಕಿತ್ಸೆಯೇ?

ಸಾಧನಕೇರಿಯ ಅಕ್ಕ

ಎರಡು ದಿನ ಬರೆಯುವುದು, ಅಳಿಸುವುದು ಮಾಡಿ ಕೊನೆಗೆ ಈ ರಾತ್ರಿ ಹಾಕುತ್ತಿದ್ದೇನೆ. ಹೆಚ್ಚು ಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಮ್ಮನಿಗೆ 34 ವರ್ಷ. ತವರು ಬ್ಯಾಡಗಿ, ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ತಮ್ಮನೇ ಅಂಗಡಿ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುತ್ತಿದ್ದ ಎಂದರೆ ಮಧ್ಯಾಹ್ನದವರೆಗೆ. ಮೂರು ವರ್ಷದಿಂದ ಹಲ್ಲುಜ್ಜುವ ಮೊದಲೇ ಒಂದು ಪ್ಯಾಕೆಟ್ ಬೇಕು, ಇಲ್ಲದಿದ್ದರೆ ಚಹದ ಬಟ್ಟಲು ಹಿಡಿಯಲು ಆಗುವುದಿಲ್ಲ. ದೇವರ ಮುಂದೆ ಆಣೆ ಮಾಡಿಸಿದೆವು, ಮಾಲೆ ಹಾಕಿಸಿದೆವು, ಕೋಣೆಯಲ್ಲಿ ಕೂಡಿ ಹಾಕಿದೆವು. ಕೂಡಿ ಹಾಕಿದ ಎರಡನೆಯ ದಿನ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ. ಆ ರಕ್ತ ನೋಡಿ ಹೆದರಿ ಈ ಸಲ ಹುಬ್ಬಳ್ಳಿಯ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೇವೆ. ಇಪ್ಪತ್ತು ದಿನ ಆಯಿತು.

ಮೊನ್ನೆ ಭಾನುವಾರ ಭೇಟಿಗೆ ಹೋದರೆ ಹತ್ತು ಹನ್ನೆರಡು ಗಂಡಸರು ಜಮಖಾನೆಯ ಮೇಲೆ ಕೂತು ಡ್ರಾಯಿಂಗ್ ಶೀಟಿಗೆ ಬಣ್ಣ ಬಳಿಯುತ್ತಿದ್ದಾರೆ. ಅದರಲ್ಲಿ ಒಬ್ಬರು ಅಜ್ಜ, ಧೋತರ ಉಟ್ಟವರು. ತಮ್ಮ ನಮ್ಮನ್ನು ನೋಡಿ ಹಾಳೆ ತಿರುವಿ ಹಾಕಿದ. ವಾರಕ್ಕೆ ಮೂರು ದಿನ ಹೀಗೆ, ಇದೂ ಚಿಕಿತ್ಸೆಯ ಭಾಗ ಎಂದು ಕೌನ್ಸೆಲರ್ ಹೇಳಿದರು. ಅಪ್ಪ ಅಲ್ಲಿ ಸುಮ್ಮನಿದ್ದರು. ಬಸ್ಸಿನಲ್ಲಿ ಶುರು ಮಾಡಿದರು: "ನಾನು ದುಡ್ಡು ಕಟ್ಟಿದ್ದು ಕುಡಿತ ಬಿಡಿಸಲು, ಬಾಲವಾಡಿಗೆ ಹಾಕಲು ಅಲ್ಲ." ಹಾವೇರಿ ದಾಟುವವರೆಗೆ ಅದೇ ಮಾತು. ಮುಂದಿನ ವಾರ ಕರೆದುಕೊಂಡು ಬರುತ್ತೇನೆ ಎನ್ನುತ್ತಿದ್ದಾರೆ.

ನನಗೂ ಉತ್ತರ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ, ಅಪ್ಪನಿಗೆ ಏನು ಹೇಳಲಿ?

ನಿವೃತ್ತ ಸಿಸ್ಟರ್, ಧಾರವಾಡ

ತಂಗಿ, ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಕೂಡಿ ಹಾಕಿದಾಗ ಫಿಟ್ಸ್ ಬಂತು ಎಂದೆಯಲ್ಲ, ಅದನ್ನು ಇಲ್ಲಿ ಓದುವವರೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಲಿ. ದಿನವೂ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ಹತ್ತುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ಇದ್ದವರ ಗುರುತು ತಪ್ಪುವ ಸನ್ನಿ ಬರಬಹುದು. ಜೀವಕ್ಕೇ ಅಪಾಯ. ಆ ವಾರಕ್ಕೆ ಬೇಕಾದದ್ದು ವೈದ್ಯರು, ಮಾತ್ರೆ, ಥಯಾಮಿನ್ ಎಂಬ ವಿಟಮಿನ್ ಇಂಜೆಕ್ಷನ್. ಚಿತ್ರ, ಹಾಡು, ಭಜನೆ ಯಾವುದೂ ಆಗ ಉಪಯೋಗಕ್ಕೆ ಬರುವುದಿಲ್ಲ.

ಆ ವಾರ ದಾಟಿದ ಮೇಲಿನ ಕಥೆ ಬೇರೆ. ಮನುಷ್ಯ ಎದ್ದು ಕೂತಿರುತ್ತಾನೆ, ತಲೆಯಲ್ಲಿ ಇನ್ನೂ ಮಬ್ಬು. ಯಾಕೆ ಕುಡಿದೆಯಪ್ಪ ಎಂದು ಕೇಳಿದರೆ ಎಲ್ಲರದೂ ಒಂದೇ ಬಾಯಿಪಾಠ: "ಇನ್ನು ಮುಟ್ಟುವುದಿಲ್ಲ ಸಿಸ್ಟರ್, ಮಕ್ಕಳಾಣೆ." ಸರ್ವಿಸ್ ಪೂರ್ತಿ ಇದನ್ನು ಕೇಳಿದ್ದೇನೆ. ಹೇಳುವವನು ಸುಳ್ಳುಗಾರ ಅಂತಲ್ಲ. ಒಳಗೆ ಏನಿದೆ ಎಂದು ಅವನಿಗೇ ಹೆಸರಿಡಲು ಬರುವುದಿಲ್ಲ. ಸಿಟ್ಟೋ, ಸಂಕಟವೋ, ಬರೀ ಹಸಿವೋ, ಎಲ್ಲಕ್ಕೂ ಇಷ್ಟು ವರ್ಷ ಒಂದೇ ಹೆಸರು, ಒಂದೇ ಔಷಧ.

ಒಂದು ಪ್ರಸಂಗ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆಯ ವಾರ. ನಮ್ಮ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಕೆಲಸ ಚಟುವಟಿಕೆಯ ಮೂಲಕ ಚಿಕಿತ್ಸೆ ಕೊಡುವವರು, ಒಂದು ಬಕೆಟ್ ಎರೆಮಣ್ಣು ತರಿಸಿ ವಾರ್ಡಿನಲ್ಲಿ ಇಟ್ಟರು. ಹಳ್ಳಿಯವರೇ ಹೆಚ್ಚು, ಯಾರಿಗೂ ಕಲಿಸಬೇಕಾಗಿರಲಿಲ್ಲ. ನವಲಗುಂದದ ಕಡೆಯ ರೈತ ಒಬ್ಬ ನಾಲ್ಕು ಎತ್ತು, ಗೋದಲಿ ಎಲ್ಲ ಸರಸರ ಮಾಡಿದ. ಐದನೆಯದನ್ನು ಮಾತ್ರ ಮಾಡುವುದು, ಅಮುಕುವುದು. ಮತ್ತೆ ಮಾಡುವುದು, ಮತ್ತೆ ಅಮುಕುವುದು. ಮರುದಿನವೂ ಹಾಗೆಯೇ. ಯಾರೂ ಏನೂ ಕೇಳಲಿಲ್ಲ, ಮಣ್ಣು ಒಣಗದಂತೆ ಹಸಿ ಬಟ್ಟೆ ಹೊದಿಸಿ ಇಟ್ಟೆವು ಅಷ್ಟೆ. ಮೂರನೆಯ ದಿನ ತಾನಾಗಿಯೇ ಅಂದ: "ಇದರ ಬೆನ್ನು ಕೂಡಿ ಬರುತ್ತಿಲ್ಲ ಸಿಸ್ಟರ್. ನಮ್ಮ ಎತ್ತಿನ ಬೆನ್ನು ಹೀಗಿರಲಿಲ್ಲ." ಯಾವ ಎತ್ತು ಎಂದು ಕೇಳಿದೆ. ಮಾರಿದ ಎತ್ತು. ಅಲ್ಲಿಂದ ಒಂದೂವರೆ ಗಂಟೆ ಮಾತನಾಡಿದ. ಅವನ ಕೇಸ್ ಶೀಟಿನಲ್ಲಿ ಅದುವರೆಗೆ "ಮಾತು ಕಡಿಮೆ, ಸಹಕಾರ ಇಲ್ಲ" ಎಂದಿತ್ತು.

ನಿಮ್ಮ ತಂದೆಯವರಿಗೆ ಇದನ್ನೇ ಹೇಳು. ಅಲ್ಲಿ ಚಿತ್ರಕಲೆ ಕಲಿಸುತ್ತಿಲ್ಲ.

ಮತ್ತೆ ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಇಂಗ್ಲೆಂಡಿನ ಏಡ್ರಿಯನ್ ಹಿಲ್ ಎಂಬ ಚಿತ್ರಕಾರ ಕ್ಷಯ ಹಿಡಿದು ಸ್ಯಾನಿಟೋರಿಯಂ ಸೇರಿದಾಗ ಹಾಸಿಗೆಯಲ್ಲೇ ಚಿತ್ರ ಬಿಡಿಸಿ, ಪಕ್ಕದ ರೋಗಿಗಳಿಗೂ ರುಚಿ ಹತ್ತಿಸಿ, 1942ರಲ್ಲಿ ಅದಕ್ಕೆ "ಕಲಾ ಚಿಕಿತ್ಸೆ" ಎಂಬ ಹೆಸರು ಕೊಟ್ಟ.

ಲೆಕ್ಕ ಕೇಳುವವ

ಸಿಸ್ಟರ್ ಹೇಳಿದ್ದು ಕೇಳಲು ಚೆನ್ನಾಗಿದೆ. ನನ್ನ ಅನುಭವವನ್ನೂ ಬರೆಯುತ್ತೇನೆ, ಕಹಿ ಎನಿಸಿದರೆ ಕ್ಷಮಿಸಿ.

ನನ್ನ ಭಾವನನ್ನು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದೆವು. ಬಿಲ್ಲಿನಲ್ಲಿ "ಆರ್ಟ್ ಥೆರಪಿ, 12 ಸಿಟಿಂಗ್" ಎಂದು ಬೇರೆಯೇ ಸಾಲು. ಏನು ಮಾಡಿಸಿದರು ಎಂದು ಭಾವನನ್ನು ಕೇಳಿದೆ. ಝೆರಾಕ್ಸ್ ಮಾಡಿದ ಹೂವಿನ ಚಿತ್ರ ಕೊಡುತ್ತಿದ್ದರಂತೆ, ಒಂದು ಡಬ್ಬಿಯಲ್ಲಿ ತುಂಡು ಕ್ರೇಯಾನ್. ತುಂಬಿಸಿ ಕೊಡುವುದು, ಮೂಲೆಯಲ್ಲಿ ಪೇರಿಸುವುದು. ಕೊಟ್ಟವರು ಕೂರುತ್ತಲೂ ಇರಲಿಲ್ಲ, ಫೋನಿನಲ್ಲಿ ಇರುತ್ತಿದ್ದರು. ಕೊನೆಗೆ ಕೆಂಪು ಬಣ್ಣ ಹೆಚ್ಚು ಹಾಕಿದ್ದಾರೆ, ಒಳಗೆ ಹಿಂಸೆ ಇದೆ ಎಂದು ಅಕ್ಕನಿಗೆ ಒಂದು ವರದಿ. ಡಬ್ಬಿಯಲ್ಲಿ ಉಳಿದದ್ದೇ ಕೆಂಪು ಕ್ರೇಯಾನ್, ಪುಣ್ಯಾತ್ಮರೇ!

ಮನೆಗೆ ಬಂದ ಒಂಬತ್ತನೆಯ ದಿನ ಭಾವ ಮತ್ತೆ ಶುರು ಮಾಡಿದ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ 417 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕಲಾ ಚಿಕಿತ್ಸೆ ಕೊಟ್ಟು, ಎರಡು ವರ್ಷ ಗಮನಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಹೇಳಬೇಕಲ್ಲವೇ?

ಹಳೇ ಹುಬ್ಬಳ್ಳಿ ಫಿಟ್ಟರ್

ಅಕ್ಕಾ, ನಾನು ಆ ಜಮಖಾನೆಯ ಮೇಲೆ ಕೂತವನು. ಆರು ವರ್ಷ ನಾಲ್ಕು ತಿಂಗಳಾಯಿತು ಬಿಟ್ಟು. ಅಧ್ಯಯನ ಗಿಧ್ಯಯನ ನನಗೆ ಗೊತ್ತಿಲ್ಲ.

ಚಿತ್ರದಲ್ಲಿ ನಾನು ದಡ್ಡ. ಇಡೀ ತಿಂಗಳು ಸ್ಪ್ಯಾನರ್ ಬಿಟ್ಟು ಬೇರೆ ಏನನ್ನೂ ಬಿಡಿಸಲಿಲ್ಲ. ನನಗೆ ನಾಟಿದ್ದು ಕುರ್ಚಿ. ಎದುರಿಗೆ ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಒಂದು ಸ್ಟೀಲ್ ಲೋಟ. "ಅದು ನಿಮ್ಮ ಬಾಟಲಿ, ಅದಕ್ಕೆ ಏನು ಹೇಳಬೇಕೋ ಹೇಳಿ" ಎಂದರು ಮೇಡಮ್. ಊರಲ್ಲಿ ಸಣ್ಣಾಟದಲ್ಲಿ ಪಾತ್ರ ಮಾಡಿದವನು ನಾನು, ಬಿಡುತ್ತೇನೆಯೇ? ಕೈ ಬೀಸಿ ಬೈದೆ. ಎಲ್ಲರೂ ನಕ್ಕರು, ಒಬ್ಬ ಸೀಟಿಯನ್ನೂ ಹೊಡೆದ. ನನಗೆ ಹಿಗ್ಗು.

ಆಮೇಲೆ ಮೇಡಮ್, "ಈಗ ಆ ಕುರ್ಚಿಯಲ್ಲಿ ನೀವು ಕೂಡಿ. ಈಗ ನೀವೇ ಬಾಟಲಿ. ಅವರಿಗೆ ಉತ್ತರ ಕೊಡಿ" ಎಂದರು. ಹೋಗಿ ಕೂತೆ. ಲೋಟ ತೊಡೆಯ ಮೇಲೆ ಇಟ್ಟುಕೊಂಡೆ. ಎದುರಿಗೆ ನಾನು ಎದ್ದು ಬಂದ ಖಾಲಿ ಕುರ್ಚಿ. ಬಾಯಿಂದ ಬಂದ ಮಾತು ಇದು: "ನಿನ್ನ ಮಗಳ ಶಾಲೆಯ ಫೀಸು ನಾನು ಕೇಳಿದ್ದೆನೇನು? ನೀನೇ ತಂದು ಕೊಟ್ಟೆ."

ಈ ಮಾತು ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಫೀಸಿನ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಸೀಟಿ ಹೊಡೆದವನು ಎದ್ದು ನೀರು ತಂದುಕೊಟ್ಟ.

ಅದೇ ದಿನ ಸರಿಹೋದೆ ಎಂದು ತಿಳಿಯಬೇಡಿ. ಡಿಸ್ಚಾರ್ಜ್ ಆದ ಮೇಲೂ ಎರಡು ಸಲ ಜಾರಿದೆ. ಮಾತ್ರೆ ತೆಗೆದುಕೊಂಡೆ, ಕುಡಿತ ಬಿಟ್ಟವರ ಮೀಟಿಂಗಿಗೆ ಹೋದೆ, ಸಂಬಳದ ದಿನ ಹೆಂಡತಿಯೇ ವರ್ಕ್‌ಶಾಪಿನ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಎಲ್ಲವೂ ಸೇರಿ ಆಯಿತು. ಆದರೆ ಕೇಂದ್ರದಲ್ಲಿ ನಾನು ಹೇಳಿದ ಮೊದಲ ನಿಜ ಯಾವುದು ಎಂದು ಕೇಳಿದರೆ, ಆ ಕುರ್ಚಿಯಲ್ಲಿ ಕೂತು ಹೇಳಿದ್ದು.

ಕಿರಾಣಾ ಅಭಿಮಾನಿ

ಸವಾಯಿ ಗಂಧರ್ವರು, ಗಂಗೂಬಾಯಿ, ಮನ್ಸೂರರು ಹಾಡಿದ ನೆಲದಲ್ಲಿ ವಿದೇಶದ ಥೆರಪಿ ಯಾಕೆ ಬೇಕು? ಬೆಳಗ್ಗೆ ಭೈರವ, ಸಂಜೆ ಪೂರಿಯಾ ಕೇಳಿಸಿ. ಯಾವ ರೋಗಕ್ಕೆ ಯಾವ ರಾಗ ಎಂಬ ಪಟ್ಟಿ ನನ್ನ ಬಳಿ ಇದೆ, ಬೇಕಾದವರು ಕೇಳಿ.

ತಾಳದವ, ಗದಗ

ಸರ್, ನಾನೂ ಸಂಗೀತದವನೇ, ಅದಕ್ಕೇ ಹೇಳುತ್ತೇನೆ. ಆ ಪಟ್ಟಿಯನ್ನು ದಯವಿಟ್ಟು ಹಂಚಬೇಡಿ. ನಮ್ಮೂರಿನ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸ್ವರ ಹಾಕಿಕೊಟ್ಟದ್ದು ಕಣ್ಣು ಬರಲಿ ಎಂದಲ್ಲ, ತಮ್ಮ ವಿದ್ಯೆಯಿಂದ ದುಡಿದು ಉಣ್ಣಲಿ ಎಂದು.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ಇದೆ. ನಮ್ಮ ಭಜನಾ ಮೇಳದಲ್ಲಿ ದಮ್ಮಡಿ ಬಾರಿಸುವ ಹುಡುಗ ಇದ್ದ, ಕೈ ಅಂದರೆ ಕೈ. ಅವನು ದಮ್ಮಡಿ ಕಲಿತದ್ದೂ ಮೇಳದಲ್ಲಿ, ಕುಡಿಯಲು ಕಲಿತದ್ದೂ ಮೇಳದಲ್ಲಿ. ಪರವೂರಿನಲ್ಲಿ ಇಡೀ ರಾತ್ರಿ ಭಜನೆ ಇದ್ದರೆ ನಡುರಾತ್ರಿ ಗುಡಿಯ ಹಿಂದೆ ಒಂದು ಸುತ್ತು ನಡೆಯುತ್ತಿತ್ತು. ಬ್ಯಾಂಡಿನವರು, ಆರ್ಕೆಸ್ಟ್ರಾದವರು, ನಾಟಕದ ಕಂಪನಿಯವರು, ಯಾರನ್ನು ಬೇಕಾದರೂ ಕೇಳಿ. ಆ ಹುಡುಗ ಚಿಕಿತ್ಸೆ ಮುಗಿಸಿ ಬಂದಾಗ ಎಲ್ಲರೂ "ಭಜನೆಗೆ ಬಾ, ಮನಸ್ಸು ಹಗುರಾಗುತ್ತದೆ" ಎಂದು ಕರೆದರು. ಅವನ ಅವ್ವ ಮಾತ್ರ ಬೇಡ ಎಂದಳು. ಅವಳೇ ಸರಿ. ಕೆಲವು ಪದ ಎತ್ತಿದ ಕೂಡಲೇ ಅವನ ಕೈ ಅಂಗಿಯ ಕಿಸೆಗೆ ಹೋಗುತ್ತಿತ್ತಂತೆ. ಒಂದು ವರ್ಷ ಅವನು ದಮ್ಮಡಿ ಮುಟ್ಟಲಿಲ್ಲ. ಆಮೇಲೆ ಪೇಟಿ ಹಿಡಿದ. ಹಳೆಯ ಕೈಚಳಕ ಏನೂ ನಡೆಯದ ವಾದ್ಯ, ಸರಿಗಮದಿಂದ ಶುರು. ಈಗ ಬೆಳಗಿನ ಹೊತ್ತು ಮಕ್ಕಳೊಂದಿಗೆ ಶರೀಫರ ತತ್ವಪದ ನುಡಿಸುತ್ತಾನೆ. ರಾತ್ರಿ ಭಜನೆಗೆ ಇಂದಿಗೂ ಬರುವುದಿಲ್ಲ, ನಾವೂ ಕರೆಯುವುದಿಲ್ಲ.

ಊರ ಗೌಡ

ಇಷ್ಟೆಲ್ಲ ಯಾಕೆ? ಗೊತ್ತಿಲ್ಲದಂತೆ ಸಾರಿನಲ್ಲಿ ಹಾಕುವ ಪುಡಿ ಸಿಗುತ್ತದೆ. ವಾರದಲ್ಲಿ ಕುಡಿತ ಬಂದ್.

ನಿವೃತ್ತ ಸಿಸ್ಟರ್, ಧಾರವಾಡ

ಗೌಡರೇ, ಬೇಡ. ಅಂತಹ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧ ಬೆರೆತಿರಬಹುದು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಮನುಷ್ಯ ಬೀಳುತ್ತಾನೆ. ಅದೇ ಮಾತ್ರೆಯನ್ನು ವೈದ್ಯರು ಕೊಡುವಾಗ ರೋಗಿಗೆ ತಿಳಿಸಿ, ಒಪ್ಪಿಸಿ, ಲಿವರ್ ಪರೀಕ್ಷೆ ಮಾಡಿಸಿ ಕೊಡುತ್ತಾರೆ. ಸಾರಿನಲ್ಲಿ ಹಾಕಿ ಅಲ್ಲ.

ಪಿಜಿ, ಮನೋರೋಗ ವಿಭಾಗ

ಲೆಕ್ಕ ಕೇಳುವವರಿಗೆ ಮೊದಲು. ಸರ್, ನೀವು ಹೇಳಿದ 417 ಜನರ ಅಧ್ಯಯನ ನಿಜ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ: ಹೆಸರು ಕೊಟ್ಟವರಲ್ಲಿ ಬಹಳಷ್ಟು ಜನ ಕಲಾ ಗುಂಪಿಗೆ ಸರಿಯಾಗಿ ಬರಲೇ ಇಲ್ಲ. ಹಾಗಾಗಿ ಕಂಡವರಿಗೆಲ್ಲ ಬರೆದುಕೊಡುವ ಚಿಕಿತ್ಸೆ ಇದಲ್ಲ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಮದ್ಯ, ಮಾದಕ ವಸ್ತುಗಳ ಮಟ್ಟಿಗೆ ಸಂಗೀತ ಚಿಕಿತ್ಸೆಯ 21 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2022ರ ಪರಿಶೀಲನೆ ಇದೆ, ಚಿಕಿತ್ಸೆಗಳ ಸಾಕ್ಷ್ಯವನ್ನು ಅಳೆದು ನೋಡುವ ಕಾಕ್ರೇನ್ ಸಂಸ್ಥೆಯದು. ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತವನ್ನೂ ಸೇರಿಸಿದಾಗ ಮತ್ತೆ ಬೇಕೆನ್ನುವ ತುಡಿತ ಸ್ವಲ್ಪ ಇಳಿಯುತ್ತದೆ, ಚಿಕಿತ್ಸೆ ಪಡೆಯುವ ಮನಸ್ಸು ಹೆಚ್ಚುತ್ತದೆ ಎನ್ನುವವರೆಗೆ ಹೋಗುತ್ತದೆ. ಖಿನ್ನತೆ, ಆತಂಕ ಇಳಿಯುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಕಂಡಿಲ್ಲ. "ಜೊತೆಗೆ" ಎಂಬ ಪದವನ್ನು ಬಿಟ್ಟು ಓದಬೇಡಿ, ಅಷ್ಟೇ ನನ್ನ ಕೋರಿಕೆ.

ಕೆಂಪು ಎಂದರೆ ಹಿಂಸೆ, ಕಪ್ಪು ಎಂದರೆ ಖಿನ್ನತೆ ಎಂಬುದು ಗಿಣಿಶಾಸ್ತ್ರ. ತರಬೇತಿ ಪಡೆದವರು ಚಿತ್ರಕ್ಕೆ ಅರ್ಥ ಹಚ್ಚುವುದಿಲ್ಲ, "ಇದರ ಬಗ್ಗೆ ಏನಾದರೂ ಹೇಳುತ್ತೀರಾ" ಎಂದು ಬಿಡಿಸಿದವರನ್ನೇ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಕಲಾ ಚಿಕಿತ್ಸಕ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ನೋಂದಣಿ ಇಲ್ಲದವರು ಬಳಸುವಂತಿಲ್ಲ. ನಮ್ಮಲ್ಲಿ ಆ ಬಿಗಿ ಇಲ್ಲದಿರುವುದರಿಂದ ಮನೆಯವರೇ ಕೇಳಬೇಕು: ನಡೆಸುವವರು ಏನು ಓದಿದ್ದಾರೆ, ಪೂರ್ತಿ ಹೊತ್ತು ಜೊತೆಗೆ ಕೂರುತ್ತಾರೆಯೇ, ಅಲ್ಲಿ ಹೊರಬಿದ್ದ ಮಾತು ವೈದ್ಯರಿಗೆ ತಲುಪುತ್ತದೆಯೇ. ಕೇಂದ್ರದ ನೋಂದಣಿಯನ್ನೂ ಕೇಳಿ. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. ಅಂಥದ್ದು ಕಂಡರೆ ಬಣ್ಣದ ಡಬ್ಬಿ ನೋಡಿ ಮರುಳಾಗದೆ ಹೊರಗೆ ಬನ್ನಿ.

ಅಕ್ಕಾ, ಖರ್ಚಿನ ಚಿಂತೆಯಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ, 1845ರಿಂದ ಇರುವ ಸರ್ಕಾರಿ ಮಾನಸಿಕ ಆಸ್ಪತ್ರೆ. ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರಿಗೆ ಹೆದರಿ ದೂರ ಉಳಿಯುವವರು ಇಂದಿಗೂ ಇದ್ದಾರೆ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ನಿಮ್ಮ ತಮ್ಮ ಆ ಒಬ್ಬ. ಅರ್ಧಕ್ಕೆ ಕರೆತರಬೇಡಿ. ರಾತ್ರಿ ಹೊತ್ತು ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ 14416, ವ್ಯಸನಕ್ಕೆಂದೇ ಇರುವುದು 14446. ಎರಡೂ ಉಚಿತ.

ಕಸೂತಿ ಕೈ

ಎಲ್ಲರೂ ಕುಡಿಯುವವರ ಬಗ್ಗೆ ಬರೆದಿರಿ. ನಾನು ಕುಡಿಯುವವರ ಹೆಂಡತಿ. ನಮ್ಮವರು ವಾರ್ಡಿನಲ್ಲಿದ್ದಾಗ ಮನೆಯವರಿಗೂ ಒಂದು ಗುಂಪು ಇತ್ತು, ಗುರುವಾರ. ಮಾತನಾಡಿ ಎಂದರೆ ನಾವು ಹೆಂಗಸರು ಸೆರಗು ಹಿಡಿದು ಕೂರುತ್ತಿದ್ದೆವು. ಒಬ್ಬರು ಕೌದಿ ಹೊಲಿಯುವುದನ್ನು ತಂದರು. ನಾನು ಅಮ್ಮನಿಂದ ಕಲಿತ ಕಸೂತಿ ತೆಗೆದೆ, ಹನ್ನೆರಡು ವರ್ಷದ ಮೇಲೆ.

ಕಸೂತಿಯಲ್ಲಿ ನಕ್ಷೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುವುದು. ಗಂಟು ಹಾಕುವಂತೆಯೂ ಇಲ್ಲ. ಗವಂತಿ ಹೊಲಿಗೆಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಮನೆ ಹೋಗುತ್ತದೆ, ಕೊನೆ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಹಿಂದೆ ಮುಂದೆ ಎರಡೂ ಒಂದೇ ಥರ. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಎಣಿಸುವಾಗ ಬೇರೆ ಏನೂ ತಲೆಗೆ ಬರುವುದಿಲ್ಲ. ಏಳು ಗಂಟೆ ಆದ ಮೇಲೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದವಳು ನಾನು, ಹೆಜ್ಜೆಯ ಸದ್ದಿನಲ್ಲೇ ಎಷ್ಟು ಕುಡಿದಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಎಣಿಸುವ ಚಟ ಹೋಗಲಿಲ್ಲ, ಎಣಿಸುವ ವಸ್ತು ಬದಲಾಯಿತು.

ಅವರು ಈಗ ಬಿಟ್ಟು ಬಿಟ್ಟು ಕುಡಿಯುತ್ತಾರೆ. ಪೂರ್ತಿ ಬಿಟ್ಟಿಲ್ಲ. ನನ್ನ ತಲೆನೋವು ಮಾತ್ರ ಹೋಗಿದೆ.

ಸಾಧನಕೇರಿಯ ಅಕ್ಕ

ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪನಿಗೆ ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಎತ್ತಿನ ಮಾತಿಗೆ ಸುಮ್ಮನಾದರು. ತಿಂಗಳು ಪೂರ್ತಿ ಇರಲಿ ಎಂದರು.

ಆದರೆ ನಾನೇ ಒಂದು ಎಡವಟ್ಟು ಮಾಡಿದೆ. ಕಳೆದ ಭೇಟಿಯಲ್ಲಿ ತಮ್ಮ ಸ್ನಾನಕ್ಕೆ ಹೋದಾಗ ಅವನ ಹಾಳೆಯ ಫೋಟೊ ತೆಗೆದು "ನಮ್ಮ ತಮ್ಮನ ಕಲೆ ನೋಡಿ" ಎಂದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಮ್ಮೆಯಿಂದಲೇ ಹಾಕಿದ್ದು. ಚಿಕ್ಕಪ್ಪಂದಿರೆಲ್ಲ ಹೆಬ್ಬೆರಳು ಒತ್ತಿದರು, ಒಬ್ಬರು "ಇದನ್ನು ಮೊದಲೇ ಮಾಡಿದ್ದರೆ ಡ್ರಾಯಿಂಗ್ ಮಾಸ್ತರ ಆಗುತ್ತಿದ್ದ" ಎಂದು ಬರೆದರು. ಅದು ಹೇಗೋ ಅವನಿಗೆ ಗೊತ್ತಾಗಿದೆ. ಈಗ ಹಾಳೆ ಮುಟ್ಟುತ್ತಿಲ್ಲವಂತೆ, ನನ್ನ ಫೋನಿಗೂ ಬರುತ್ತಿಲ್ಲ.

ನಿವೃತ್ತ ಸಿಸ್ಟರ್, ಧಾರವಾಡ

ಅಯ್ಯೋ ತಂಗಿ. ಅದು ಅವನ ಕೇಸ್ ಶೀಟ್ ಇದ್ದ ಹಾಗೆ. ಅಳಿಸು, ಕೌನ್ಸೆಲರಿಗೆ ನೀನೇ ಹೇಳು, ಅವನ ಮುಂದೆ ತಪ್ಪಾಯಿತು ಎನ್ನು. ಕಾರಣ ಕೊಡಲು ಹೋಗಬೇಡ.

ಹಳೇ ಹುಬ್ಬಳ್ಳಿ ಫಿಟ್ಟರ್

ಚೆನ್ನಾಗಿದೆ ಎಂದೂ ಹೇಳಬೇಡಿ ಅಕ್ಕಾ. ಹೊಗಳಿದರೆ ಮುಂದಿನದನ್ನು ನಿಮಗೋಸ್ಕರ ಬಿಡಿಸುತ್ತಾನೆ.

ಸಾಧನಕೇರಿಯ ಅಕ್ಕ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ತಮ್ಮ ಮನೆಗೆ ಬಂದು ಹದಿನೆಂಟು ದಿನ. ತಪ್ಪಾಯಿತು ಎಂದೆ, "ಹೂಂ" ಎಂದ, ಅಷ್ಟೇ. ಮಾತ್ರೆ ನಡೆಯುತ್ತಿದೆ, ತಪಾಸಣೆಗೆ ತಾನೇ ಹೋಗಿ ಬಂದ. ಒಂದು ಸಂಜೆ ಬಹಳ ಕಷ್ಟಪಟ್ಟ, ಅಂಗಳದಲ್ಲಿ ಅತ್ತ ಇತ್ತ ನಡೆದ. ಅವ್ವ ಏನೂ ಕೇಳದೆ ಎರಡು ರೊಟ್ಟಿ, ಮೊಸರು ತಂದಿಟ್ಟಳು. ತಿಂದು ಮಲಗಿದ.

ನಿನ್ನೆ ತವರಿಗೆ ಹೋಗಿದ್ದೆ. ಊಟದ ನಂತರ ತಮ್ಮ ಒಳಗಿನಿಂದ ಒಂದು ಹಾಳೆ ತಂದು ಅಪ್ಪನ ಮುಂದೆ ಇಟ್ಟ. ಯಾರೂ ಕೇಳಿರಲಿಲ್ಲ. ಅಂಗಡಿಯ ಅಟ್ಟ, ಚೀಲಗಳು, ನೆಲದ ಮೇಲೆ ಸುರಿದ ಮೆಣಸಿನಕಾಯಿ. ಮೂಲೆಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ, ಮುಖ ಬಿಡಿಸಿಲ್ಲ. ನಾನು ತುಟಿ ಕಚ್ಚಿಕೊಂಡು ಕೂತೆ.

ಅಪ್ಪ ಕನ್ನಡಕ ಹಾಕಿಕೊಂಡರು. ಮಾರುಕಟ್ಟೆಯಲ್ಲಿ ಮಾಲು ನೋಡುವಂತೆ ಹಾಳೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಡಬ್ಬಿಯೋ ಕಡ್ಡಿಯೋ?" ಎಂದರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಅವು ಎರಡು ಬಗೆ.

"ಡಬ್ಬಿ."

"ಡಬ್ಬಿಯ ಕೆಂಪು ಇಷ್ಟು ತೆಳು ಇರುವುದಿಲ್ಲ. ಒಳಗೆ ಸ್ವಲ್ಪ ಕಪ್ಪು ಇರುತ್ತದೆ."

ತಮ್ಮ ಹಾಳೆ ತೆಗೆದುಕೊಂಡು ಅವರ ಪಕ್ಕದಲ್ಲೇ ಕೂತ. "ಕಪ್ಪು ಹಾಕಿದರೆ ಕೊಳೆತ ಹಾಗೆ ಕಾಣುತ್ತದೆ ಅಪ್ಪಾ, ಹಾಕಿ ನೋಡಿದ್ದೆ" ಎಂದ. ಅಪ್ಪ ಎದ್ದು ಹೋಗಿ ಅಟ್ಟದ ಚೀಲದಿಂದ ಒಂದು ಹಿಡಿ ತಂದು ಹಾಳೆಯ ಪಕ್ಕದಲ್ಲಿ ಸುರಿದರು. ನಾನು ಬಸ್ಸಿಗೆ ಹೊರಟಾಗ ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದರು. ಫೋಟೊ ತೆಗೆಯಲಿಲ್ಲ.